ನಾಡಿದ್ದು 50 ಗಿರಿರಾಜ ತಳಿಯ ಕೋಳಿಮರಿ ಬರುತ್ತಿವೆ, ಮೊದಲು ಯಾವ ನೀರು ಕೊಡಲಿ?

ಕಣದಂಚಿನ ಮನೆ (ಪೊನ್ನಂಪೇಟೆ ಕಡೆ), ಸೋಮವಾರ ಸಂಜೆ 7:10

ಎಲ್ಲರಿಗೂ ನಮಸ್ಕಾರ. ಬುಧವಾರ ಮಧ್ಯಾಹ್ನ ಮೈಸೂರಿನಿಂದ 50 ಗಿರಿರಾಜ ಮರಿ ಬಸ್ಸಿನಲ್ಲಿ ಬರುತ್ತಿವೆ. ಗೋಣಿಕೊಪ್ಪದಲ್ಲಿ ಇಳಿಸಿಕೊಂಡು ಮನೆಗೆ ತರಬೇಕು. ಹುತ್ತರಿ ಹಬ್ಬದ ಹೊತ್ತಿಗೆ ಹುಂಜಗಳು ತೂಕಕ್ಕೆ ಬರಲಿ ಅಂತ ಲೆಕ್ಕ. ಕಕ್ಕಡ ತಿಂಗಳ ಮಳೆಯಲ್ಲಿ ಮರಿ ತರಿಸುವ ಹುಚ್ಚು ಯಾಕೆ ಎಂದು ಬೈಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಾಗಿದೆ.

ಹೋದ ವರ್ಷ 30 ಮರಿ ತಂದಿದ್ದೆ. ನಾಲ್ಕೇ ದಿನದಲ್ಲಿ 11 ಹೋದವು. ಮಾರಿದವರಿಗೆ ಫೋನ್ ಮಾಡಿದರೆ "ಮರಿ ಚೆನ್ನಾಗಿಯೇ ಇತ್ತಲ್ಲ, ನಿಮ್ಮ ನೀರಿನದ್ದೇ ತೊಂದರೆ" ಎಂದು ಫೋನ್ ಇಟ್ಟರು. ಆ ಮಾತು ಒಂದು ವರ್ಷದಿಂದ ತಲೆ ಕೊರೆಯುತ್ತಿದೆ. ನಾನು ಮಾಡಿದ್ದು ಇಷ್ಟೇ. ಬಾವಿಯಿಂದ ಸೇದಿದ ನೀರನ್ನು ಅಗಲದ ಸ್ಟೀಲ್ ತಟ್ಟೆಗೆ ಹಾಕಿ ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟೆ. ಬೆಳಿಗ್ಗೆ ನೋಡಿದರೆ ಎರಡು ಮರಿ ತಟ್ಟೆಯಲ್ಲೇ ಸತ್ತು ತೇಲುತ್ತಿದ್ದವು, ನಾಲ್ಕೈದು ಮೈಯೆಲ್ಲ ಒದ್ದೆಯಾಗಿ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಆ ರಾತ್ರಿ ಕರೆಂಟೂ ಇರಲಿಲ್ಲ.

ಈಗ ನಮ್ಮಲ್ಲಿ ಮೂರು ಬಗೆಯ ನೀರಿದೆ. ಬಾವಿ ಬಾಯಿ ತನಕ ತುಂಬಿದೆ, ಬಗ್ಗಿ ಚೊಂಬಿನಲ್ಲಿ ಮೊಗೆಯಬಹುದು, ಆದರೆ ಮಳೆಗೆ ಸ್ವಲ್ಪ ಕದಡಿದೆ, ಕೈಯಿಟ್ಟರೆ ಜುಮ್ ಎನ್ನುವಷ್ಟು ತಣ್ಣಗಿದೆ. ಬೋರ್‌ವೆಲ್ ಇದೆ, ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲು ತೆಗೆಸಿದ್ದು. ಅದರ ನೀರನ್ನು ಬಕೆಟ್‌ನಲ್ಲಿ ಒಂದು ರಾತ್ರಿ ಇಟ್ಟರೆ ಮೇಲೆ ಎಣ್ಣೆಯಂಥ ಪದರ, ತಳದಲ್ಲಿ ಕೆಂಪು ಮಡ್ಡಿ. ಇನ್ನು ಮಾಡಿನ ಶೀಟಿನಿಂದ ಡ್ರಮ್ಮಿಗೆ ಬೀಳುವ ಮಳೆನೀರು. ಇದರಲ್ಲಿ ಯಾವುದು ಮರಿಗೆ ಆಗುತ್ತದೆ?

ಅದರ ಮೇಲೆ ಸಲಹೆಗಳೋ ಸಲಹೆಗಳು. ಅತ್ತೆ ಅರಿಶಿನದ ನೀರು ಎನ್ನುತ್ತಾರೆ. ಪಕ್ಕದ ಮನೆಯಕ್ಕ ಬೆಲ್ಲದ ನೀರು ಎನ್ನುತ್ತಾರೆ. ಔಷಧಿ ಅಂಗಡಿಯವರು ನಾನು ಕೇಳದೆಯೇ ಒಂದು ಹಳದಿ ಪುಡಿಯ ಪೊಟ್ಟಣ ಕೊಟ್ಟು "ಮೊದಲ ದಿನದಿಂದಲೇ ನೀರಿಗೆ ಹಾಕಿ, ಒಂದೂ ಸಾಯಲ್ಲ" ಎಂದರು. ಮೊದಲು ನೀರು ಕೊಡಬೇಕಾ ತಿಂಡಿ ಕೊಡಬೇಕಾ ಎಂಬುದೂ ಗೊತ್ತಿಲ್ಲ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಈ ಸಲ ಹನ್ನೊಂದು ಗುಂಡಿ ತೋಡುವ ಶಕ್ತಿ ನನಗಿಲ್ಲ.


ಸೋಮವಾರಪೇಟೆ ಕೋಳಿಕಾರ, ಸೋಮವಾರ ರಾತ್ರಿ 8:25

ಅಕ್ಕ, ನಿಮ್ಮ ಮರಿಗಳು ಹೋಗಿದ್ದು ನೀರಿನ ದೆಸೆಯಿಂದಲೇ ಇರಬಹುದು. ಹಾಗಂತ ನೀರು ಕೆಟ್ಟದ್ದು ಎಂದಲ್ಲ. ತಣ್ಣನೆ ನೀರು, ಅಗಲದ ತಟ್ಟೆ, ಕರೆಂಟಿಲ್ಲದ ರಾತ್ರಿ. ಈ ಮೂರೂ ಸೇರಿದ ಮೇಲೆ ಬಾಟಲಿ ನೀರು ಕೊಂಡು ತಂದು ಕೊಟ್ಟಿದ್ದರೂ ಅಷ್ಟೇ ಆಗುತ್ತಿತ್ತು.

ಒಂದು ದಿನದ ಮರಿ ಅಂದರೆ 40 ಗ್ರಾಂ, ಅದಕ್ಕಿಂತ ಕಡಿಮೆಯೂ ಇರಬಹುದು. ಮೈಮೇಲೆ ಇರುವುದು ಬರೀ ನವಿರು, ಒದ್ದೆಯಾದರೆ ಅದೂ ಇಲ್ಲದ ಲೆಕ್ಕ. ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳುವುದು ಅದಕ್ಕೆ ಇನ್ನೂ ಬರುವುದಿಲ್ಲ. ನಿಮ್ಮ ಕೈಗೇ ಜುಮ್ ಎನ್ನುವ ನೀರು ಅದರ ಹೊಟ್ಟೆಗೆ ಇಳಿದರೆ ಒಳಗಿನಿಂದಲೇ ಚಳಿ ಹಿಡಿಯುತ್ತದೆ. ಚಳಿ ಹಿಡಿದ ಮರಿ ಗುಂಪಿನೊಳಗೆ ನುಗ್ಗಿ ಕೂರುತ್ತದೆ, ಮತ್ತೆ ನೀರಿನ ಹತ್ತಿರ ಹೋಗುವುದೇ ಇಲ್ಲ. ಎರಡನೇ ದಿನಕ್ಕೆ ಕಾಲು ಒಣಗಿದ ಕಡ್ಡಿ ಥರ ಆಗುತ್ತದೆ. ಮೂರನೇ ದಿನ ಹೋಗುತ್ತದೆ. ನಾವು ರೋಗ ಬಂತು ಎಂದುಕೊಳ್ಳುತ್ತೇವೆ.

ಹಾಗಾಗಿ ಬುಧವಾರ ಮಧ್ಯಾಹ್ನ ಮರಿ ಬರುವುದಾದರೆ ಬೆಳಿಗ್ಗೆಯೇ ಬಲ್ಬ್ ಹಾಕಿ ಜಾಗ ಬಿಸಿ ಮಾಡಿಡಿ. ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಇರಬೇಕು, ವಾರಕ್ಕೆ ಎರಡೂವರೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಿ. ಅಂಗಡಿಯಲ್ಲಿ ಸಿಗುವ ಗೋಡೆ ಥರ್ಮಾಮೀಟರ್ ಒಂದು ತಂದು ಬಲ್ಬಿನ ಅಡಿಗೆ ಮಲಗಿಸಿ. ನೀರು ತುಂಬಿದ ಡ್ರಿಂಕರ್‌ಗಳನ್ನೂ ಆಗಲೇ ಒಳಗಿಡಿ. ಮರಿ ಬರುವ ಹೊತ್ತಿಗೆ ನೀರು ಆ ಜಾಗದ ಬಿಸಿಗೆ ಹೊಂದಿಕೊಂಡಿರುತ್ತದೆ. ಅವಸರವಾದರೆ ಕುದಿಸಿದ ನೀರಿಗೆ ಆರಿದ ನೀರು ಬೆರೆಸಿ. ಮಣಿಕಟ್ಟಿನ ಮೇಲೆ ಬಿಟ್ಟುಕೊಂಡರೆ ಬಿಸಿ ಎಂದೂ ಅನ್ನಿಸಬಾರದು, ತಣ್ಣಗೆ ಎಂದೂ ಅನ್ನಿಸಬಾರದು. ಅಷ್ಟೇ ಅಳತೆ.

ತಟ್ಟೆ ಮಾತ್ರ ದಯವಿಟ್ಟು ಬೇಡ. ಬಾಟಲಿ ಕವುಚಿ ಹಾಕುವಂಥ ಪ್ಲಾಸ್ಟಿಕ್ ಡ್ರಿಂಕರ್ ಗೋಣಿಕೊಪ್ಪದಲ್ಲೂ ಸಿಗುತ್ತದೆ. 50 ಮರಿಗೆ ಒಂದು ಸಾಕು ಎನ್ನುತ್ತಾರೆ, ನೀವು ಎರಡು ಇಡಿ, ಒಂದು ಈ ಕಡೆ ಒಂದು ಆ ಕಡೆ. ಸುತ್ತಲಿನ ಅಂಚಿನೊಳಗೆ ತೊಳೆದ ಗೋಲಿಗಳನ್ನೋ ಹೊಳೆಯ ಸಣ್ಣ ಕಲ್ಲುಗಳನ್ನೋ ಸಾಲಾಗಿ ತುಂಬಿ. ಕಲ್ಲಿನ ಸಂದಿಯಲ್ಲಿ ಕೊಕ್ಕು ಇಳಿಯಬೇಕು, ಮರಿ ಇಳಿಯಬಾರದು. ಹೊಳೆಯುವ ಗೋಲಿ ಆದರೆ ಇನ್ನೂ ಒಳ್ಳೆಯದು, ಹೊಳೆಯುವುದನ್ನು ಕಂಡರೆ ಮರಿ ಸುಮ್ನೆ ಕುಕ್ಕುತ್ತದೆ, ಹಾಗೇ ನೀರು ಬಾಯಿಗೆ ಹೋಗುತ್ತದೆ. ನಾಲ್ಕೈದು ದಿನ ಆದ ಮೇಲೆ ತೆಗೆದುಬಿಡಿ.

ಬಲ್ಬಿನ ನೇರ ಅಡಿಗೆ ಡ್ರಿಂಕರ್ ಇಡಬೇಡಿ, ನೀರು ಬಿಸಿಯಾಗಿ ಯಾರೂ ಮುಟ್ಟುವುದಿಲ್ಲ. ತುಂಬಾ ದೂರವೂ ಬೇಡ. ಬೆಳಕಿನ ವೃತ್ತದ ಅಂಚಿನಲ್ಲಿರಲಿ.

ಪೆಟ್ಟಿಗೆ ತೆರೆದ ಮೇಲೆ ಸುರಿಯಬೇಡಿ. ಒಂದೊಂದೇ ಎಣಿಸಿ ತೆಗೆಯುವಾಗ ಕೊಕ್ಕಿನ ತುದಿ ಮಾತ್ರ ನೀರಿಗೆ ತಾಗಿಸಿ. ಮೂಗಿನ ತೂತು ಮುಳುಗಬಾರದು. ತಲೆ ಮೇಲೆತ್ತಿ ನುಂಗಿತಾ ನೋಡಿ, ಆಮೇಲೆ ಬಿಡಿ. ಹತ್ತು ಕಲಿತರೆ ಉಳಿದವು ನೋಡಿ ಕಲಿಯುತ್ತವೆ. ಆದರೂ ನಾನು 200 ಮರಿ ಬಂದಾಗ 200ಕ್ಕೂ ಮಾಡುತ್ತೇನೆ, ಸೊಂಟ ಬಿದ್ದುಹೋದರೂ ಸರಿ.

ಮೊದಲು ನೀರು, ಎರಡು ಮೂರು ಗಂಟೆ ಬಿಟ್ಟು ತಿಂಡಿ. ಒಣಗಿ ಬಂದ ಮರಿ ಮೊದಲೇ ತಿಂಡಿ ತಿಂದರೆ ಒಳಗೆ ಕಟ್ಟಿಕೊಳ್ಳುತ್ತದೆ. ದೊಡ್ಡ ಫಾರ್ಮ್‌ಗಳಲ್ಲಿ ಈಗ ಎರಡನ್ನೂ ಒಟ್ಟಿಗೇ ಇಡುತ್ತಾರೆ, ಅಲ್ಲಿಗೆ ಮರಿ ಬೇಗ ಬರುತ್ತದೆ, ಅವರ ಲೆಕ್ಕ ಬೇರೆ. ಬಸ್ಸಿನಲ್ಲಿ ಬಂದ ಮರಿಗೆ ನಾನಂತೂ ನೀರೇ ಮೊದಲು.


ನಾಟಿಯೇ ಮೇಲು, ಸೋಮವಾರ ರಾತ್ರಿ 9:02

ಇಷ್ಟೆಲ್ಲ ಬೇಕಾ ಅಂತ. ನಮ್ಮ ಅಜ್ಜಿ ಹಿತ್ತಲಲ್ಲಿ ಚಿಪ್ಪಿನಲ್ಲಿ ನೀರಿಡುತ್ತಿದ್ದರು, ಮಳೆಗಾಲವೋ ಬೇಸಿಗೆಯೋ ಒಂದೇ ನೀರು. ಥರ್ಮಾಮೀಟರೂ ಇಲ್ಲ ಗೋಲಿಯೂ ಇಲ್ಲ. ಮರಿ ಬದುಕುತ್ತಿರಲಿಲ್ವಾ? ಹ್ಯಾಚರಿ ಮರಿ ತಂದರೆ ಮಗು ಸಾಕಿದಂತೆ ಸಾಕಬೇಕು, ಅದಕ್ಕೇ ನಾನು ತರುವುದಿಲ್ಲ.


ಸೋಮವಾರಪೇಟೆ ಕೋಳಿಕಾರ, ಸೋಮವಾರ ರಾತ್ರಿ 9:15

ಅಣ್ಣ, ನಿಮ್ಮ ಅಜ್ಜಿ ಮನೆಯಲ್ಲಿ ಹೇಂಟೆ ಇತ್ತು. ಚಿಪ್ಪಿನ ಹತ್ತಿರ ನಿಂತು ಕೊಕ್ ಕೊಕ್ ಎಂದು ಕರೆದು ಕುಡಿಯುವುದು ಹೇಗೆಂದು ತೋರಿಸುತ್ತಿತ್ತು, ಒದ್ದೆಯಾದರೆ ರೆಕ್ಕೆಯೊಳಗೆ ಎಳೆದುಕೊಳ್ಳುತ್ತಿತ್ತು. ಇಲ್ಲಿ ಹೇಂಟೆಯ ಕೆಲಸ ಬಲ್ಬ್ ಮಾಡುತ್ತಿದೆ. ಬಲ್ಬಿಗೆ ಕರೆಯಲು ಬರುವುದಿಲ್ಲ. ಅಜ್ಜಿಯ ಹತ್ತು ಮರಿಯಲ್ಲಿ ಕೊನೆಗೆ ಎಷ್ಟು ದೊಡ್ಡದಾದವು ಎಂದೂ ಒಮ್ಮೆ ನೆನಪು ಮಾಡಿಕೊಳ್ಳಿ, ಕೀರ (ಮುಂಗುಸಿ) ಒಯ್ದದ್ದು ಬಿಟ್ಟು.


ನಾಟಿಯೇ ಮೇಲು, ಸೋಮವಾರ ರಾತ್ರಿ 9:21

ನಾಲ್ಕೋ ಐದೋ. ಸರಿ ಬಿಡಿ 😄


ಹಳೇ ಕಾಂಪೌಂಡರ್, ಸೋಮವಾರ ರಾತ್ರಿ 10:05

ಪಶು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ನಿವೃತ್ತನಾದವನು. ಮೇಲೆ ಹೇಳಿದ್ದು ಸರಿಯಾಗಿದೆ. ನೀರಿಗೆ ಏನು ಹಾಕಬೇಕು ಎಂಬುದರ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಏಕೆಂದರೆ ಜನ ಎಡವುವುದು ಅಲ್ಲೇ.

ಮೊಟ್ಟೆಯೊಡೆಯುವ ಮುಂಚೆ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಅದರ ಬಲದಲ್ಲಿ ಎರಡು, ಹೆಚ್ಚೆಂದರೆ ಮೂರು ದಿನ ತಿಂಡಿ ನೀರಿಲ್ಲದೆ ಇರಬಲ್ಲದು. ಅದಕ್ಕೇ ಪೆಟ್ಟಿಗೆಯಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸಲು ಆಗುವುದು. ಆದರೆ "ಮೂರು ದಿನ ಇರುತ್ತದಂತೆ" ಎಂದು ಪೆಟ್ಟಿಗೆ ಇಟ್ಟುಕೊಂಡು ಸಂತೆ ಮುಗಿಸಿ ನಿಧಾನಕ್ಕೆ ಮನೆಗೆ ಹೋಗುವವರನ್ನು ನಾನು ಬಹಳ ನೋಡಿದ್ದೇನೆ. ಉಸಿರಿನಲ್ಲೇ ಮರಿಯ ಮೈಯ ನೀರು ಹೋಗುತ್ತಿರುತ್ತದೆ. ಮರಿ ಯಾವಾಗ ಒಡೆದದ್ದು ಎಂದು ಹ್ಯಾಚರಿಯವರನ್ನು ಕೇಳಿಕೊಳ್ಳಿ. ಬಸ್ ಹತ್ತಿದ ಹೊತ್ತಿನಿಂದ ಲೆಕ್ಕ ಹಾಕಬೇಡಿ.

ಬೆಲ್ಲದ ನೀರು ಒಳ್ಳೆಯದೇ. ದಣಿದು ಬಂದ ಮರಿಗೆ ತಕ್ಷಣ ಶಕ್ತಿ. ಲೀಟರಿಗೆ 50 ಗ್ರಾಂ ಬೆಲ್ಲ ಅಥವಾ ಸಕ್ಕರೆ ಅಥವಾ ಗ್ಲೂಕೋಸ್, ಯಾವುದಾದರೂ ಒಂದು. ಬೆಲ್ಲ ಆದರೆ ಕರಗಿಸಿ ಸೋಸಿ, ಕಸ ಇರುತ್ತದೆ. ಕೊಡಬೇಕಾದದ್ದು ಬಂದ ದಿನ ಮಾತ್ರ. ಒಳ್ಳೆಯದು ಎಂದು ವಾರ ಪೂರ್ತಿ ಕೊಟ್ಟರೆ ಹಿಕ್ಕೆ ಅಂಟಾಗಿ ಹಿಂಭಾಗಕ್ಕೆ ಮೆತ್ತಿಕೊಂಡು ದ್ವಾರವೇ ಮುಚ್ಚಿಹೋಗುತ್ತದೆ. ಹಾಗಾದರೆ ಎಳೆದು ಕೀಳಬೇಡಿ, ಕರುಳು ಸಮೇತ ಬರಬಹುದು. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ನೆನೆಸಿ ಬಿಡಿಸಿ, ಒರೆಸಿ ಒಣಗಿಸಿ ಬಿಡಿ. ಬೆಲ್ಲದ ನೀರು ಬಲ್ಬಿನ ಬಿಸಿಗೆ ಬೇಗ ಹುಳಿಯುತ್ತದೆ, ಮೂರು ನಾಲ್ಕು ಗಂಟೆಗೊಮ್ಮೆ ಚೆಲ್ಲಿ ಹೊಸದು ಹಾಕಿ.

ಮನೆಯಲ್ಲೇ ಉಪ್ಪು ಸಕ್ಕರೆ ಬೆರೆಸಿ ಕೊಡುವವರಿದ್ದಾರೆ. ಅಂದಾಜಿನ ಮೇಲೆ ಉಪ್ಪು ಹಾಕಬೇಡಿ. ಉಪ್ಪು ಜಾಸ್ತಿಯಾದರೆ ಮರಿಗೆ ತಡೆಯುವ ಶಕ್ತಿ ಇಲ್ಲ. ಬೇಕೇ ಬೇಕು ಎಂದರೆ ಕೋಳಿಗೆಂದೇ ಬರುವ ಎಲೆಕ್ಟ್ರೊಲೈಟ್ ಪುಡಿ ಸಿಗುತ್ತದೆ, ಪೊಟ್ಟಣದ ಮೇಲಿನ ಅಳತೆಗೆ ಹಾಕಿ. ಎರಡನೇ ದಿನದಿಂದ ನಾಲ್ಕೈದು ದಿನ ವಿಟಮಿನ್ ಕೊಡಬಹುದು, ಅದು ಸಾಕು.

ಅರಿಶಿನಕ್ಕೆ ನನ್ನ ತಕರಾರಿಲ್ಲ, ಅತ್ತೆಯವರಿಗೆ ಬೇಜಾರು ಮಾಡಬೇಡಿ. ಚಿಟಿಕೆ ಅಷ್ಟೇ. ಆದರೆ ತಳದಲ್ಲಿ ಕೂತ ಅರಿಶಿನ ಡ್ರಿಂಕರ್ ಅಂಚಿನಲ್ಲಿ ಲೋಳೆ ಕಟ್ಟುತ್ತದೆ, ತೊಳೆಯುವುದು ಜಾಸ್ತಿಯಾಗುತ್ತದೆ.

ಹಳದಿ ಪುಡಿಯ ಪೊಟ್ಟಣ ತಿರುಗಿಸಿ ಹೆಸರು ಓದಿ. ಟೆಟ್ರಾಸೈಕ್ಲಿನ್ ಜಾತಿಯ ಆಂಟಿಬಯೋಟಿಕ್ ಇರಬೇಕು. ರೋಗವಿಲ್ಲದ ಮರಿಗೆ ಅದು ಬೇಡ. ಅಂಗಡಿಯವರಿಗೆ ವ್ಯಾಪಾರ, ನಮಗೆ ಮುಂದೆ ನಿಜವಾಗಿ ರೋಗ ಬಂದಾಗ ಔಷಧ ಹಿಡಿಯದ ಪರಿಸ್ಥಿತಿ. ಇದೇ ಕಾರಣಕ್ಕೆ 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೊಲಿಸ್ಟಿನ್ ಎನ್ನುವ ಔಷಧವನ್ನು ಕೋಳಿ, ಮೀನು, ದನಗಳಿಗೆ ಬಳಸುವುದನ್ನೇ ನಿಲ್ಲಿಸಿತು. ಮನುಷ್ಯರಿಗೆ ಬೇರೇನೂ ಹಿಡಿಯದಿದ್ದಾಗ ಕೊಡುವ ಔಷಧ ಅದು, ನಾವು ಮರಿಗಳ ನೀರಿಗೆ ಸುರಿಯುತ್ತಿದ್ದೆವು. ಇನ್ನೂ ಒಂದು ಮಾತು. ನಿಮ್ಮ ಬೋರ್‌ವೆಲ್ ನೀರಿನಂತೆ ಕಬ್ಬಿಣವಿರುವ ನೀರಿಗೆ ಟೆಟ್ರಾಸೈಕ್ಲಿನ್ ಹಾಕಿದರೆ ಅದು ಕಬ್ಬಿಣದ ಜೊತೆ ಕಟ್ಟಿಕೊಂಡುಬಿಡುತ್ತದೆ. ಮರಿಯ ಮೈಗೆ ಸೇರುವುದೇ ಕಡಿಮೆ. ದುಡ್ಡೂ ದಂಡ.


ಸಿದ್ದಾಪುರದ ಬರೆ, ಮಂಗಳವಾರ ಬೆಳಿಗ್ಗೆ 6:50

ಅಕ್ಕ, ಬೋರ್ ನೀರಿನಲ್ಲಿ ಕಬ್ಬಿಣ ಇದೆಯಾ ನೋಡಲು ಲ್ಯಾಬಿಗೆ ಓಡಬೇಕಿಲ್ಲ. ಒಂದು ಲೋಟದಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಬಾವಿ ನೀರು ತೆಗೆದುಕೊಳ್ಳಿ. ನಾಲ್ಕು ಚೇಪೆ (ಸೀಬೆ) ಎಲೆ ಜಜ್ಜಿ ಎರಡಕ್ಕೂ ಹಾಕಿ. ಕಬ್ಬಿಣ ಇದ್ದರೆ ಸ್ವಲ್ಪ ಹೊತ್ತಿನಲ್ಲೇ ಮಸಿ ಚೆಲ್ಲಿದಂತೆ ಕಪ್ಪಾಗುತ್ತದೆ. ನಮ್ಮ ಬೋರಿನದ್ದು ನೇರಳೆ ಹಣ್ಣಿನ ಬಣ್ಣಕ್ಕೆ ಬಂತು. ಅದೇ ನೀರಲ್ಲಿ ಟೀ ಮಾಡಿದರೂ ಕಪ್ಪಗಾಗುತ್ತದೆ, ಅದಕ್ಕೇ ನಮ್ಮಲ್ಲಿ ಟೀಗೆ ಬಾವಿ ನೀರೇ.

ಕಬ್ಬಿಣದಿಂದ ಮರಿ ಸಾಯುವುದಿಲ್ಲ. ಆದರೆ ಆ ಕೆಂಪು ಮಡ್ಡಿ ಡ್ರಿಂಕರ್ ಅಂಚಿನಲ್ಲಿ ಕೂತು ಲೋಳೆ ಕಟ್ಟುತ್ತದೆ, ಲೋಳೆಯಲ್ಲಿ ಕ್ರಿಮಿ ಬೆಳೆಯುತ್ತದೆ, ರುಚಿಯೂ ಕೆಟ್ಟು ಮರಿ ಕಡಿಮೆ ಕುಡಿಯುತ್ತದೆ. ಮೊದಲ ಎರಡು ವಾರ ಬೋರ್ ನೀರು ಬೇಡ. ಆಮೇಲೆ ಕೊಡುವುದಾದರೆ ಡ್ರಮ್ಮಿನಲ್ಲಿ ಎತ್ತರದಿಂದ ಬೀಳುವಂತೆ ತುಂಬಿಸಿ ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿ ಮಾತ್ರ ತೆಗೆಯಿರಿ.

ಮಾಡಿನ ನೀರಿನ ಮೇಲೆ ನನಗೆ ನಂಬಿಕೆಯಿಲ್ಲ. ಶೀಟಿನ ಮೇಲೆ ಇಲಿ ಓಡಾಡುತ್ತದೆ, ಪಾರಿವಾಳ, ಸಿಲ್ವರ್ ಮರದ ಎಲೆ, ಮತ್ತೆ ಏನೇನೋ. ಮುಖ ತೊಳೆಯಲು ಚೆನ್ನ.


ಕಣದಂಚಿನ ಮನೆ, ಮಂಗಳವಾರ ಬೆಳಿಗ್ಗೆ 9:30

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಚೇಪೆ ಎಲೆ ಪರೀಕ್ಷೆ ಮಾಡಿದೆ. ಬೋರ್ ನೀರು ಅಯ್ಯೋ, ಶಾಯಿ! ಬಾವಿಯದ್ದು ಬರೀ ತಿಳಿ ಹಸಿರು. ಮಗ ಶಾಲೆಗೆ ಹೊತ್ತಾದರೂ ಲೋಟ ಬಿಟ್ಟು ಏಳಲಿಲ್ಲ.

ಹಾಗಾದರೆ ಬಾವಿ ನೀರು ಎಂದು ಗಟ್ಟಿ ಮಾಡಿಕೊಂಡೆ. ಆದರೆ ಕದಡಿದೆಯಲ್ಲ, ಕುದಿಸಲೇಬೇಕಾ? ಇಲ್ಲಾ ಬ್ಲೀಚಿಂಗ್ ಪುಡಿ ಹಾಕಲಾ? ಪುಡಿ ಮನೆಯಲ್ಲಿದೆ, ಎಷ್ಟು ಎಂದು ಗೊತ್ತಿಲ್ಲ. ಒಂದು ವಾರದ ಮೇಲೆ ಲಸಿಕೆ ಹಾಕಿಸಬೇಕು ಎಂದೂ ಹೇಳಿದ್ದಾರೆ, ಅದಕ್ಕೂ ನೀರಿಗೂ ಏನೋ ಇದೆಯಂತೆ?


ಹಳೇ ಕಾಂಪೌಂಡರ್, ಮಂಗಳವಾರ ಬೆಳಿಗ್ಗೆ 11:20

50 ಮರಿ ಮೊದಲ ದಿನ ಕುಡಿಯುವುದು ಒಂದು ಲೀಟರಿನ ಒಳಗೆ. ವಾರದ ಕೊನೆಗೆ ದಿನಕ್ಕೆ ಒಂದೂವರೆ, ಎರಡು ಲೀಟರ್. ಅಷ್ಟಕ್ಕೆ ಬಾವಿಗೇ ಔಷಧಿ ಹಾಕುವ ಅವಸರ ಏನಿದೆ? ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ, ಮುಚ್ಚಿ ಆರಿಸಿ. ಒಲೆ ಹೇಗೂ ಉರಿಯುತ್ತಿರುತ್ತದೆ ಈ ಮಳೆಯಲ್ಲಿ.

ಮನೆಯವರೂ ಅದೇ ನೀರು ಕುಡಿಯುವುದರಿಂದ ಬಾವಿಗೆ ಬ್ಲೀಚಿಂಗ್ ಹಾಕುವುದಾದರೆ ಲೆಕ್ಕ ಹೀಗೆ. ಒಳ್ಳೆಯ ಪುಡಿ ಆದರೆ 1000 ಲೀಟರ್ ನೀರಿಗೆ ಎರಡೂವರೆ ಗ್ರಾಂ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 0.785ರಿಂದ ಗುಣಿಸಿ. ಬಂದದ್ದು ಎಷ್ಟು ಸಾವಿರ ಲೀಟರ್ ಎಂದು. 2 ಮೀಟರ್ ಅಗಲ, 4 ಮೀಟರ್ ನೀರಿದ್ದರೆ ಸುಮಾರು ಹನ್ನೆರಡೂವರೆ ಸಾವಿರ ಲೀಟರ್, ಅಂದರೆ 31 ಗ್ರಾಂ ಪುಡಿ. ನೇರ ಬಾವಿಗೆ ಎರಚಬೇಡಿ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ ಬಾವಿಗೆ ಇಳಿಸಿ ಅಲ್ಲಾಡಿಸಿ. ರಾತ್ರಿ ಹಾಕಿ, ಬೆಳಿಗ್ಗೆ ಸೇದಿ. ನೀರು ಕದಡಿದ್ದರೆ ಕ್ಲೋರಿನ್ ಕೆಸರಿನ ಮೇಲೇ ಖರ್ಚಾಗುತ್ತದೆ, ಹಾಗಾಗಿ ಎರಡು ದಿನ ಮಳೆ ಬಿಟ್ಟ ಮೇಲೆ ಹಾಕುವುದು ವಾಸಿ. ಕಕ್ಕಡದಲ್ಲಿ ಎರಡು ದಿನ ಮಳೆ ಬಿಡುವುದು ಎಂದರೆ, ನಿಮಗೇ ಗೊತ್ತಲ್ಲ.

ಲಸಿಕೆಯ ವಿಷಯ. ರಾಣಿಖೇತ್ ರೋಗಕ್ಕೆ ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಹನಿ ಹಾಕುತ್ತಾರೆ, ಅದಕ್ಕೆ ಕುಡಿಯುವ ನೀರಿನ ಗೊಡವೆ ಇಲ್ಲ. 14ನೇ ದಿನದ ಹೊತ್ತಿಗೆ ಗಂಬೋರೋ ರೋಗದ ಲಸಿಕೆ, ಅದನ್ನು ನೀರಿನಲ್ಲೇ ಕೊಡುತ್ತಾರೆ. ಅದರಲ್ಲಿರುವುದು ಜೀವಂತ ವೈರಸ್. ನೀರಿನಲ್ಲಿ ಕ್ಲೋರಿನ್ ಇದ್ದರೆ ಲಸಿಕೆ ಅಲ್ಲೇ ಸತ್ತಿತು. ಎರಡು ದಿನ ಮೊದಲಿನಿಂದ ಬ್ಲೀಚಿಂಗ್ ನೀರು ನಿಲ್ಲಿಸಿ, ಡ್ರಿಂಕರ್ ಬರೀ ನೀರಲ್ಲಿ ತೊಳೆಯಿರಿ, ಸೋಪು ಬೇಡ. ಕೊಡುವ ನೀರಿಗೆ ಮೊದಲು ಕೆನೆ ತೆಗೆದ ಹಾಲಿನ ಪುಡಿ ಲೀಟರಿಗೆ ಎರಡೂವರೆಯಿಂದ 5 ಗ್ರಾಂ ಕಲಸಿ ಇಟ್ಟರೆ ಉಳಿದ ಚೂರುಪಾರು ಕ್ಲೋರಿನ್ನೂ ಹೋಗುತ್ತದೆ. ಒಂದೆರಡು ಗಂಟೆ ನೀರು ತೆಗೆದಿಟ್ಟು ಬಾಯಾರಿಸಿ ಆಮೇಲೆ ಕೊಡಿ, ಎರಡು ಗಂಟೆಯೊಳಗೆ ಕುಡಿದು ಮುಗಿಸುವಷ್ಟೇ ಕಲಸಿ. ಅದಕ್ಕೆ ಇನ್ನೂ ಎರಡು ವಾರ ಇದೆ, ಆಗ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.


ಸೋಮವಾರಪೇಟೆ ಕೋಳಿಕಾರ, ಮಂಗಳವಾರ ಮಧ್ಯಾಹ್ನ 1:40

ಎರಡು ಮರೆತಿದ್ದೆ. ಒಂದು ಇರುವೆ. ಬೆಲ್ಲದ ನೀರು ಚೆಲ್ಲಿದ ಕಡೆ ಇರುವೆ ಸಾಲು ಹಿಡಿದು ಬರುತ್ತದೆ, ಕೆಂಪಿರುವೆ ಆದರೆ ಮಲಗಿದ ಮರಿಯ ಕಣ್ಣಿಗೇ ಹತ್ತುತ್ತದೆ. ನಾನು ಒಮ್ಮೆ ನೋಡಿ ಸಾಕಾಗಿದೆ. ಬೆಲ್ಲದ ನೀರು ಮುಗಿದ ಕೂಡಲೇ ಡ್ರಿಂಕರ್ ಹೊರಗೆ ತೆಗೆದು ತೊಳೆಯಿರಿ, ಅಡಿಯ ಪೇಪರ್ ಬದಲಿಸಿ.

ಇನ್ನೊಂದು ಒದ್ದೆ ಹೊಟ್ಟು. ಮೊದಲೆರಡು ದಿನ ಪೇಪರ್, ಆಮೇಲೆ ಭತ್ತದ ಹೊಟ್ಟಿನ ಮೇಲೆ ಡ್ರಿಂಕರ್ ಇಟ್ಟರೆ ಸುತ್ತ ಯಾವಾಗಲೂ ಹಸಿ. ನಮ್ಮ ಮಳೆಗಾಲದಲ್ಲಿ ಅದು ಒಣಗುವ ಮಾತೇ ಇಲ್ಲ. ಮೂರನೇ ವಾರಕ್ಕೆ ರಕ್ತಭೇದಿ ಹಿಡಿಯುವುದು ಆ ಹಸಿಯಲ್ಲೇ. ಒಂದು ಹಲಗೆಯ ಮೇಲೆ ಡ್ರಿಂಕರ್ ಇಡಿ. ಮರಿ ಬೆಳೆದ ಹಾಗೆ ಹಲಗೆಗೆ ಅರ್ಧ ಇಟ್ಟಿಗೆ, ಆಮೇಲೆ ಪೂರ್ತಿ ಇಟ್ಟಿಗೆ. ಅಂಚು ಯಾವಾಗಲೂ ಮರಿಯ ಬೆನ್ನಿನ ಮಟ್ಟಕ್ಕಿರಲಿ, ಆಗ ಕೆದರಿ ಹೊಟ್ಟು ತುಂಬಿಸುವುದೂ ಕಡಿಮೆ. ಹಸಿಯಾದ ಹೊಟ್ಟನ್ನು ಅವತ್ತೇ ತೆಗೆದು ಗೊಬ್ಬರದ ಗುಂಡಿಗೆ ಹಾಕಿ. ಕಾಫಿ ಹೊಟ್ಟು ಸುಮ್ನೆ ಸಿಗುತ್ತದೆ ಎಂದು ಹಾಸಬೇಡಿ, ಈ ತೇವಕ್ಕೆ ಬೂಷ್ಟು ಬರುತ್ತದೆ.

ಕರೆಂಟ್ ಹೋದರೆ? ಬಿಸಿನೀರು ತುಂಬಿದ ಬಾಟಲಿಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ನಾಲ್ಕು ಕಡೆ ಮಲಗಿಸಿ. ಕೆಂಡದ ಬಾನಿ ಇಡುವುದಾದರೆ ಕಿಟಕಿ ತೆರೆದಿರಲಿ, ಹೊಗೆ ಮರಿಗೂ ಆಗದು ನಿಮಗೂ ಆಗದು.


ನಾಟಿಯೇ ಮೇಲು, ಮಂಗಳವಾರ ರಾತ್ರಿ 8:15

ಬೆಲ್ಲ ಬದಲು ಜೇನು? ಕೊಡಗಿನಲ್ಲಿದ್ದು ಮರಿಗೆ ಸಕ್ಕರೆ ನೀರು ಕೊಡುವುದು ನಾಚಿಕೆ ಅಲ್ವಾ.


ಸಿದ್ದಾಪುರದ ಬರೆ, ಮಂಗಳವಾರ ರಾತ್ರಿ 8:19

ಜೇನಿನ ರೇಟು ಕೇಳಿದ್ದೀರಾ ಅಣ್ಣ? ಮರಿಗಿಂತ ಜೇನೇ ಜಾಸ್ತಿ.


ಕಣದಂಚಿನ ಮನೆ, ಗುರುವಾರ ಬೆಳಗಿನ ಜಾವ 2:35

ನಿದ್ದೆ ಬರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮರಿ ಬಂದವು. ಬಸ್ ಒಂದೂವರೆ ಗಂಟೆ ತಡ, ದಾರಿಯಲ್ಲಿ ಮರ ಬಿದ್ದಿತ್ತಂತೆ. ಪೆಟ್ಟಿಗೆಗೆ ಪ್ಲಾಸ್ಟಿಕ್ ಹೊದಿಸಿದ್ದರು, ನಾನು ಕೂಡಲೇ ತೂತುಗಳ ಮೇಲಿಂದ ಸರಿಸಿದೆ. ಜೀಪಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ದಾರಿ ಪೂರ್ತಿ ಚಿಂವ್ ಚಿಂವ್, ಒಂದು ಕ್ಷಣ ಬಿಡಲಿಲ್ಲ.

ಎಣಿಸಿದರೆ 51 ಇತ್ತು, ಒಂದು ಹೆಚ್ಚಿಗೆ ಹಾಕಿದ್ದಾರೆ. ಒಂದು ಪೆಟ್ಟಿಗೆಯಲ್ಲೇ ಸತ್ತಿತ್ತು. ಉಳಿದ 50ಕ್ಕೂ ಕೊಕ್ಕು ತಾಗಿಸಿದೆ. ನೀವು ಹೇಳಿದಾಗ ಅದೇನು ಮಹಾ ಎನ್ನಿಸಿತ್ತು. ಮೊದಲನೆಯದು ಕೊಕ್ಕು ಅದ್ದಿ ತೆಗೆದು, ಒಂದು ಕ್ಷಣ ಸುಮ್ಮನೆ ನಿಂತು, ತಲೆ ಮೇಲೆತ್ತಿ ಕಣ್ಣು ಮುಚ್ಚಿ ನುಂಗಿತು ನೋಡಿ, ಆಮೇಲೆ ತಾನೇ ತಿರುಗಿ ಡ್ರಿಂಕರ್ ಕಡೆ ಓಡಿತು. ಗೋಲಿ ಮಗನದ್ದು, ಹನ್ನೆರಡು ಸಾಲ ಕೊಟ್ಟಿದ್ದಾನೆ, ಎಣಿಸಿ ವಾಪಸ್ ಕೊಡಬೇಕು. ಬೆಲ್ಲದ ನೀರು ಮುಕ್ಕಾಲು ಲೀಟರ್ ಖಾಲಿ. ಏಳು ಗಂಟೆಗೆ ಪೇಪರ್ ಮೇಲೆ ಅಕ್ಕಿ ತರಿ ಮತ್ತು ಸ್ಟಾರ್ಟರ್ (ಎಳೆ ಮರಿಗಳ ಮೇವು) ಹಾಕಿದೆ.

ಒಂದು ಮರಿ ಮಾತ್ರ ಎಲ್ಲವಕ್ಕಿಂತ ಸಣ್ಣದು, ನಿಲ್ಲಲು ಆಗುತ್ತಿರಲಿಲ್ಲ. ಕಾಲು ಮುಟ್ಟಿದರೆ ಒಣ ಸಿಪ್ಪೆ ಥರ. ಮಗುವಿನ ಔಷಧಿ ಡ್ರಾಪರ್‌ನಲ್ಲಿ ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಬಿಟ್ಟೆ, ಕಾಲು ಗಂಟೆಗೊಮ್ಮೆ. ಹತ್ತು ಗಂಟೆಗೆ ಎದ್ದು ನಿಂತಿತು. ಈಗ ಯಾವುದು ಅದು ಎಂದೇ ಗೊತ್ತಾಗುತ್ತಿಲ್ಲ.

ಹನ್ನೆರಡಕ್ಕೆ ಕರೆಂಟ್ ಹೋಯಿತು. ಅತ್ತೆಯವರೇ ಎದ್ದು ಬಿಸಿನೀರಿನ ಬಾಟಲಿ ಮಾಡಿಕೊಟ್ಟರು. ಬಾಟಲಿಗೆ ಒರಗಿಕೊಂಡು ಸಾಲಾಗಿ ಮಲಗಿವೆ. ಈಗ ಕರೆಂಟ್ ಬಂದಿದೆ. ಆದರೆ ಒಂದು ಚಿಂತೆ. ಎಲ್ಲ ಮರಿಯೂ ಕುಡಿದಿದೆಯಾ, ತಿಂದಿದೆಯಾ ಎಂದು ತಿಳಿಯುವುದು ಹೇಗೆ? 50ನ್ನೂ ಕಾಯುತ್ತಾ ಕೂರಲು ಆಗುವುದಿಲ್ಲವಲ್ಲ.


ಹಳೇ ಕಾಂಪೌಂಡರ್, ಗುರುವಾರ ಬೆಳಿಗ್ಗೆ 5:40

ಒಳ್ಳೆಯ ಪ್ರಶ್ನೆ. ಕತ್ತಿನ ಬುಡದಲ್ಲಿ, ಎದೆಯ ಮೇಲೆ ಸ್ವಲ್ಪ ಬಲಗಡೆಗೆ ಮೇವಿನ ಚೀಲ ಇರುತ್ತದೆ. ಅಲ್ಲೊಂದು ಇಲ್ಲೊಂದು ಹತ್ತು ಹದಿನೈದು ಮರಿ ಹಿಡಿದು ಬೆರಳಿನಲ್ಲಿ ಮೆಲ್ಲಗೆ ಒತ್ತಿ ನೋಡಿ. ಗಂಜಿಯಂತೆ ಮೆತ್ತಗಿದ್ದರೆ ಎರಡೂ ಸಿಕ್ಕಿದೆ. ಕಾಳು ಕಾಳಾಗಿ ಗಟ್ಟಿ ಸಿಕ್ಕಿದರೆ ತಿಂದಿದೆ, ನೀರು ಸಾಲದು. ಬರೀ ನೀರಿನ ಬಲೂನಿನಂತಿದ್ದರೆ ಕುಡಿದಿದೆ, ತಿಂದಿಲ್ಲ. ಖಾಲಿ ಇದ್ದ ಮರಿಯನ್ನು ಡ್ರಿಂಕರ್ ಹತ್ತಿರ ಬಿಟ್ಟು ಮತ್ತೆ ಕೊಕ್ಕು ಅದ್ದಿ. ಬಂದು 24 ಗಂಟೆ ಆಗುವ ಹೊತ್ತಿಗೆ ಒಂದೆರಡು ಬಿಟ್ಟು ಎಲ್ಲದರ ಚೀಲವೂ ತುಂಬಿರಬೇಕು.

ಬೆಲ್ಲದ ನೀರು ಇಂದು ಬೆಳಿಗ್ಗೆಗೆ ಸಾಕು.


ಕಣದಂಚಿನ ಮನೆ, ಗುರುವಾರ ಬೆಳಿಗ್ಗೆ 7:15

ಹದಿನೈದು ಹಿಡಿದು ನೋಡಿದೆ ಸಾರ್. ಹದಿಮೂರು ಗಂಜಿ. ಎರಡು ಗಟ್ಟಿ. ಅವೆರಡೂ ಒಂದೇ ಮೂಲೆಯಲ್ಲಿದ್ದವು, ಆ ಕಡೆಯ ಡ್ರಿಂಕರ್ ನೋಡಿದರೆ ಹಲಗೆ ಓರೆಯಾಗಿ ನೀರೆಲ್ಲ ಒಂದೇ ಪಕ್ಕಕ್ಕೆ ನಿಂತಿದೆ, ಇವುಗಳ ಕಡೆ ಅಂಚು ಒಣಗಿದೆ! ಅಡಿಗೆ ಒಂದು ಹಂಚಿನ ಚೂರು ಕೊಟ್ಟು ಸಮ ಮಾಡಿದೆ. ಈಗ ಎರಡೂ ಕುಡಿಯುತ್ತಿವೆ. ಬಿಟ್ಟು ಏಳುತ್ತಲೇ ಇಲ್ಲ.